ನಾಲ್ಕನೇ ಮಹಡಿಗೆ ಒಂದು ಫೋನ್

ನವೆಂಬರ್ 2
ಜನರೇಟರಿಗೆ ಡೀಸೆಲ್ ತುಂಬಿಸಿ ಬಂದೆ. ಉಪ್ಪುಮೀನು, ಆಲೂಗಡ್ಡೆ ಬೇಯಿಸಿದೆ — ಇಬ್ಬರಿಗಾಗುವಷ್ಟು. ಅಭ್ಯಾಸ.

ಸ್ಟೆಲ್ಲಾಳನ್ನು ನಿನ್ನೆ ಹೆಲಿಕಾಪ್ಟರಿನಲ್ಲಿ ರಾಜಧಾನಿಯ ಆಸ್ಪತ್ರೆಗೆ, ಸೇಂಟ್ ಜಾನ್ಸ್‌ಗೆ ಒಯ್ದರು. ಅಪೆಂಡಿಕ್ಸ್ ಒಡೆದಿರಬೇಕು ಎಂದಳು ಇಲ್ಲಿನ ನರ್ಸ್. ಹೆಂಡತಿಯ ಜೊತೆ ಗಂಡನಿಗೆ ಜಾಗವಿಲ್ಲ. ಅವಳ ಮೊಬೈಲು ಅಡುಗೆಮನೆಯ ಮೇಜಿನ ಮೇಲೇ ಉಳಿದಿದೆ. ಬಿರುಗಾಳಿಗೆ ಫೆರಿ ದೋಣಿ ನಿಂತಿದೆ. ನಿಲ್ಲದಿದ್ದರೂ ಹೋಗುವ ಹಾಗಿಲ್ಲ — ಊರಿನ ಕರೆಂಟೆಲ್ಲ ಈ ಜನರೇಟರಿನದು. ಅದನ್ನು ಬಲ್ಲವರು ನಾನು, ಸೆಲ್ಬಿ ಇಬ್ಬರೇ. ಸೆಲ್ಬಿ ಮೂಸ್ ಜಿಂಕೆಯ ಬೇಟೆಗೆಂದು ಕಾಡಿನಲ್ಲಿದ್ದಾನೆ.

ಆಸ್ಪತ್ರೆಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ನವೆಂಬರ್ 3
ಇವತ್ತು ಎತ್ತಿದರು. "ಯಾರು ಎಲ್ಲಿದಾರೆ ಅಂತ ನಮಗೇ ಗೊತ್ತಿಲ್ಲ ಕಣಪ್ಪಾ. ಕಂಪ್ಯೂಟರೆಲ್ಲ ಸತ್ತು ಕೂತಿವೆ. ನಾಳೆ ಮಾಡು."

ರೇಡಿಯೋದಲ್ಲೂ ಅದೇ ಸುದ್ದಿ. ಯಾವುದೋ ದೇಶದ ಕಳ್ಳರು ದುಡ್ಡಿಗಾಗಿ ನಮ್ಮ ದ್ವೀಪದ ಆಸ್ಪತ್ರೆಗಳ ಕಂಪ್ಯೂಟರಿಗೆಲ್ಲ ಬೀಗ ಜಡಿದಿದ್ದಾರಂತೆ. ಐರ್ಲೆಂಡಿನಲ್ಲೂ ಹೀಗೇ ಆಗಿತ್ತಂತೆ. ಅಂಗಡಿಯ ಮಿನ್ನಿ ನಕ್ಕಳು: "ಸಮುದ್ರದಾಚೆಯ ಕಳ್ಳರಿಗೂ ನಾವಿದ್ದೀವಿ ಅಂತ ಗೊತ್ತಾಯ್ತಲ್ಲ! ನಮ್ಮ ಸರ್ಕಾರಕ್ಕೆ ಇನ್ನೂ ಗೊತ್ತಿಲ್ಲ." ನಗಲು ಹೋದೆ. ಆಗಲಿಲ್ಲ.

ನವೆಂಬರ್ 4
ಸಿಕ್ಕಳು! ನಾಲ್ಕನೇ ಮಹಡಿ. ಡಾರ್ಲೀನ್ ಎಂಬ ನರ್ಸ್ ಕೈಬರಹದ ಪಟ್ಟಿಯಲ್ಲಿ ಹುಡುಕಿದಳು. "ಸ್ಟೆಲ್ಲಾ ಪಾರ್ಡಿ ತಾನೇ? ನನ್ನ ವಾರ್ಡಲ್ಲೇ ಇದಾಳೆ ಚಿನ್ನ. ಆಪರೇಷನ್ ಚೆನ್ನಾಗಾಗಿದೆ. ಮಂಚ ಬಿಟ್ಟು ಏಳೋ ಹಾಗಿಲ್ಲ, ಫೋನು ಅಲ್ಲೀವರೆಗೂ ಬರಲ್ಲ. ಏನಾದ್ರೂ ಹೇಳಬೇಕಾ? ಬರ್ಕೊಂಡು ಹೋಗಿ ಓದ್ತೀನಿ."

ಏನು ಹೇಳುವುದು? ಒಲೆ ಉರಿಯುತ್ತಿದೆ, ಬ್ರೆಡ್ ಮಾಡಿದೆ, ಕಲ್ಲಾಯಿತು ಎಂದೆ. "ಇನ್ನೇನಾದ್ರೂ?" ಎಂದಳು ಡಾರ್ಲೀನ್. ಮನೆ ಬಿಕೋ ಅನ್ನುತ್ತಿದೆ ಎಂದುಬಿಟ್ಟೆ. ಬರೆದುಕೊಂಡಳು.

ನವೆಂಬರ್ 5
"ಎರಡು ಸಲ ಓದಿಸಿದಳು ರೀ ನಿಮ್ಮ ಹೆಂಡತಿ!" ಎಂದಳು ಡಾರ್ಲೀನ್.

ಸ್ಟೆಲ್ಲಾ? ಒಂದು ಮಾತನ್ನು ಎರಡು ಸಲ ಕೇಳುವವಳಲ್ಲ. ಒಂದು ಸಲ ಕೇಳಿಸಿಕೊಂಡರೇ ನನ್ನ ಪುಣ್ಯ.

ಇವತ್ತು ಇನ್ನೂ ಹೇಳಿದೆ. ರಾತ್ರಿ ನಿನ್ನ ಕಡೆಗೆ ಹೊರಳುವುದಿಲ್ಲ, ಹಾಸಿಗೆ ತಣ್ಣಗಿದೆ. ನಿನ್ನ ಸ್ವೆಟರು ಹಾಕಿಕೊಂಡೇ ಜನರೇಟರ್ ಶೆಡ್ಡಿಗೆ ಹೋಗುತ್ತೇನೆ, ಯಾರು ನಕ್ಕರೂ ಸರಿ. ಎದುರಿಗಿದ್ದರೆ ಬಾಯಿ ಬರುತ್ತಿರಲಿಲ್ಲ. ಅಪರಿಚಿತ ಹುಡುಗಿ ಬರೆದುಕೊಳ್ಳುತ್ತಿದ್ದರೆ ಅದು ಹೇಗೋ ಬರುತ್ತದೆ.

ನವೆಂಬರ್ 7
ಗಾಳಿ ಇಳಿದಿಲ್ಲ. ಸೆಲ್ಬಿ ಬಂದಿಲ್ಲ. ಇಡೀ ದಿನದಲ್ಲಿ ನನ್ನ ದನಿ ನನಗೆ ಕೇಳುವುದು ಆ ಫೋನಿನಲ್ಲಿ ಮಾತ್ರ.

"ನಾಯಿಗೆ ಊಟ ಹಾಕಿದ್ರಾ ಅಂತ ಕೇಳ್ತಿದಾಳೆ," ಎಂದಳು ಡಾರ್ಲೀನ್.

ನಮ್ಮ ಮನೆಯಲ್ಲಿ ನಾಯಿಯಿಲ್ಲ. ಔಷಧದ ಅಮಲಿರಬೇಕು. ಹಾಕಿದೆ ಎಂದು ಹೇಳು ಎಂದೆ. ಅವಳ ಮನಸ್ಸಿಗೆ ಸಮಾಧಾನವಾಗಲಿ.

ನವೆಂಬರ್ 8


ಈ ಸಲ ಡಾರ್ಲೀನ್ ಚಿನ್ನ ಅನ್ನಲಿಲ್ಲ. "ಮಿಸ್ಟರ್ ಪಾರ್ಡಿ, ಕೂತ್ಕೊಂಡಿದೀರಾ? ನನ್ನ ವಾರ್ಡಿನ ಸ್ಟೆಲ್ಲಾ ಇವತ್ತು ನನ್ನ ಕೈ ಹಿಡ್ಕೊಂಡು ಹೇಳಿದಳು... 'ನನ್ನ ಗಂಡ ಸತ್ತು ಎಷ್ಟೋ ವರ್ಷ ಆಯ್ತಮ್ಮ. ಈ ಮನುಷ್ಯ ಯಾರೋ ಗೊತ್ತಿಲ್ಲ. ಪಾಪ, ಅವನ ಹೆಂಡತಿ ಎಲ್ಲಿದಾಳೋ ಹುಡುಕು. ಆದ್ರೆ ಅವನ ಫೋನು ಮಾತ್ರ ನಿಲ್ಲಿಸಬೇಡ.'"

ಆ ಸ್ಟೆಲ್ಲಾ ಮುದುಕಿಯಂತೆ, ಸೊಂಟದ ಮೂಳೆ ಮುರಿದಿದೆಯಂತೆ. ಉತ್ತರದ ಊರಿನವಳು, ಮನೆಯಲ್ಲಿ ಜೊತೆಗೆ ನಾಯಿಯೊಂದೇ. ಅದೇ ಹೆಸರು, ಅದೇ ಅಡ್ಡಹೆಸರು.

"ಹಾಗಾದ್ರೆ ನನ್ನವಳು?"

"ಲೈನಲ್ಲೇ ಇರಿ."

ರಿಸೀವರ್ ಮೇಜಿನ ಮೇಲಿಟ್ಟು ಹೋದಳು. ಯಾರದೋ ಕೆಮ್ಮು, ತಳ್ಳುಗಾಡಿಯ ಸದ್ದು. ಇಲ್ಲಿ ಒಲೆ ಆರಿಹೋಯಿತು, ನಾನು ಏಳಲಿಲ್ಲ. ಒಂದೊಂದೇ ಮಹಡಿ ಹತ್ತಿಳಿದು, ಒಂದೊಂದೇ ಮಂಚದ ಚೀಟಿ ಓದಿ ಬಂದಳಂತೆ. ಏದುಸಿರು. "ಸಿಕ್ಕಳು. ತೀವ್ರ ನಿಗಾ ಘಟಕ. ಜೀವ ಇದೆ. ಮೈಗೆಲ್ಲ ನಂಜೇರಿತ್ತು, ಈಗ ಇಳೀತಿದೆ. ನಿನ್ನೆಯಷ್ಟೇ ಎಚ್ಚರ ಆಗಿದೆ."

"ಏನಾದ್ರೂ ಕೇಳಿದಳಾ?"

"ಯಾರಾದ್ರೂ ಫೋನ್ ಮಾಡಿದ್ರಾ ಅಂತ ಕೇಳಿದಳಂತೆ. ಇಲ್ಲ ಅಂದ್ರಂತೆ."

ನವೆಂಬರ್ 12
ಸೇಂಟ್ ಜಾನ್ಸ್. ಬಾಡಿಗೆ ಕೋಣೆ.

ಮಿನ್ನಿಯ ಗಂಡ ಕಾಡಿಗೆ ಹೋಗಿ ಸೆಲ್ಬಿಯನ್ನು ಎಳೆದು ತಂದ. ಮೊದಲ ಫೆರಿ ಹಿಡಿದೆ, ಆಮೇಲೆ ದಿನವಿಡೀ ಟ್ಯಾಕ್ಸಿ.

ಸ್ಟೆಲ್ಲಾ ದಿಂಬಿನಷ್ಟೇ ಬೆಳ್ಳಗಾಗಿದ್ದಾಳೆ. ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಬಿಡುವಾಯ್ತಾ?"

"ದಿನಾ ಫೋನ್ ಮಾಡಿದೆ ಕಣೇ."

"ಯಾರಿಗೆ?"

ಎಲ್ಲ ಹೇಳಿದೆ. ತಿರುಗದೆಯೇ ಕೇಳಿಸಿಕೊಂಡಳು. ಆಮೇಲೆ, "ಏನೇನು ಹೇಳಿದ್ದೆ ಅವಳಿಗೆ?"

ಹೇಳಿದೆ. ಸ್ವೆಟರಿನದು, ಹಾಸಿಗೆಯದು. ಕಿವಿಯೆಲ್ಲ ಬಿಸಿಯಾಯಿತು.

"ನನಗೆ ಒಂದಿನಾನೂ ಹೀಗೆ ಹೇಳ್ಲಿಲ್ಲ ನೀನು."

"ನಿನಗೇ ಹೇಳಿದ್ದು."

ಹೊದಿಕೆಯಿಂದ ಕೈ ಹೊರಗೆ ಬಂತು. ಹಿಡಿದುಕೊಂಡೆ. ಕಡ್ಡಿಯಂತಾಗಿದೆ.

"ಇಲ್ಲಿ ಎಲ್ಲರಿಗೂ ಯಾರಾದ್ರೂ ಬರ್ತಿದ್ರು ಕಣೋ ಗಾರ್ಲ್ಯಾಂಡ್. ನನಗೊಬ್ಬಳಿಗೇ..." ಕಣ್ಣೊರೆಸಿಕೊಂಡು, "ಆ ಮುದುಕಿಯನ್ನು ನೋಡಿಕೊಂಡು ಬಾ. ಬರಿಗೈಲಿ ಹೋಗಬೇಡ," ಎಂದಳು.

ನವೆಂಬರ್ 13
ಕಿತ್ತಳೆಹಣ್ಣು ತೆಗೆದುಕೊಂಡು ಹೋದೆ. ಡಾರ್ಲೀನ್ ಮಂಚ ತೋರಿಸಿದಳು. ಮುದುಕಿ ಗುಬ್ಬಿಯಂತಿದ್ದಾಳೆ. ತಲೆ ನೀಟಾಗಿ ಬಾಚಿಕೊಂಡಿದ್ದಾಳೆ. ಮೇಲಿಂದ ಕೆಳಗೆ ನನ್ನನ್ನು ನೋಡಿದಳು.

"ದನಿ ಕೇಳಿ ಇನ್ನೂ ಎತ್ತರ ಇರ್ತೀಯ ಅಂದ್ಕೊಂಡಿದ್ದೆ."

"ನನ್ನ ದನಿ ನೀವು ಕೇಳೇ ಇಲ್ವಲ್ಲ."

"ಹೂಂ, ಅದೂ ನಿಜಾನೇ," ಎಂದು ನಕ್ಕಳು. ಹೆಂಡತಿ ಹೇಗಿದ್ದಾಳೆ ಎಂದು ಕೇಳಿದಳು. ಹುಷಾರಾಗುತ್ತಿದ್ದಾಳೆ ಎಂದೆ. ಅವಳಿಗೆ ಸೇರಬೇಕಾದ ಮಾತನ್ನೆಲ್ಲ ನಾನು ಕದ್ದುಕೊಂಡೆ, ಕ್ಷಮಿಸು ಅಂತ ಹೇಳು ಎಂದಳು. ಎದ್ದೆ. ತೋಳು ಹಿಡಿದಳು.

"ನಾಳೆ ಫೋನ್ ಮಾಡ್ತೀಯಾ?"

"ಇಲ್ಲೇ ಕೆಳಗಡೆ ಇರ್ತೀನಲ್ಲ, ಬಂದು ನೋಡ್ತೀನಿ."

"ಬರೋದು ಬೇರೆ. ಫೋನ್ ಮಾಡು. ಆ ಹುಡುಗಿ ಬಾಗಿಲಲ್ಲಿ ನಿಂತು 'ಮಿಸೆಸ್ ಪಾರ್ಡಿ, ನಿಮಗೆ ಫೋನ್' ಅಂದ್ರೆ ವಾರ್ಡಿಗೆ ವಾರ್ಡೇ ತಿರುಗಿ ನೋಡುತ್ತೆ."

ನವೆಂಬರ್ 14
ಸ್ಟೆಲ್ಲಾ ಸೂಪು ಕುಡಿದಳು. ಚೆನ್ನಾಗಿಲ್ಲ ಎಂದು ಬೈದಳು. ಫೋನ್ ಮಾಡಿದೆಯಾ ಎಂದೂ ಅವಳೇ ಕೇಳಿದಳು.

ಕೆಳಗಿನ ಫೋನಿನಿಂದ ಮಾಡಿದೆ. ಡಾರ್ಲೀನ್‌ಗೆ ಇವತ್ತು ರಜೆ. ಬೇರೆ ಯಾರೋ ಎತ್ತಿದರು. ಸ್ಟೆಲ್ಲಾ ಪಾರ್ಡಿಗೆ ಎಂದೆ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. "ದಿನಾ ಫೋನ್ ಮಾಡೋನು," ಎಂದೆ.