ಕೋಟು ತೆಗೆದಿಟ್ಟು ಬಾ

ಜೂನ್ 3, ಸೋಮವಾರ. ರಾತ್ರಿ

ಬೆಳಿಗ್ಗೆಯಿಂದ ಮೂವರನ್ನು ಬೆಂಚಿನ ಮೇಲೆ ಕೂರಿಸಿದೆ. ಇಬ್ಬರು ತಾಯಂದಿರು, ಒಬ್ಬ ಅಪ್ಪ. ಮಕ್ಕಳು ಒಳಗೆ, ಇವರು ಹೊರಗೆ. ಸೊಸೆಯ ಕಾನೂನು. ಹಲ್ಲಿನ ಡಾಕ್ಟರು ಅವಳು. ಬೋರ್ಡಿನಲ್ಲಿ ಅವಳ ಹೆಸರಿಗಿಂತ ಡಿಗ್ರಿಯೇ ಉದ್ದ. ಮನೆ ಮೇಲೆ, ಕ್ಲಿನಿಕ್ಕು ಕೆಳಗೆ. ಕಾನೂನು ಮಾಡುವುದು ಅವಳ ಕೆಲಸ, ಕಾಯುವುದು ನನ್ನದು. ಯಾರೂ ನೇಮಿಸಿಲ್ಲ. ನಾನೇ ಬಂದು ಕೂತೆ, ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಒಬ್ಬ ತಾಯಿ ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಮಸುಕು ಗಾಜು, ಏನೂ ಕಾಣಿಸುವುದಿಲ್ಲ. ಆದರೂ ಕಣ್ಣು ಕಿರಿದು ಮಾಡಿಕೊಂಡು…

“ಅಜ್ಜಿ, ನನ್ನ ಮಗಳು ನನ್ನ ಬಿಟ್ಟು ಇರೋದೇ ಇಲ್ಲ.”

“ಹಾಗಾದ್ರೆ ಸ್ಕೂಲಲ್ಲಿ ನೀನೂ ಅವಳ ಪಕ್ಕದಲ್ಲೇ ಕೂತು ಅ ಆ ಇ ಈ ತಿದ್ದುತೀಯಾ?”

“ಅದು ಬೇರೆ. ಇಲ್ಲಿ ಸೂಜಿ ಚುಚ್ತಾರೆ.”

“ಚುಚ್ಚೋದು ಅವಳಿಗೆ, ಬೆವರ್ತಿರೋದು ನೀನು. ಈ ಮುಖ ಹೊತ್ಕೊಂಡು ಒಳಗೆ ಹೋದ್ರೆ ಹಲ್ಲು ತೆಗೀತಾರೋ ತಲೆ ತೆಗೀತಾರೋ ಅಂತ ಮಗು ಗಾಬರಿ ಆಗುತ್ತೆ. ಕೂತ್ಕೋ.”

ಕೂತಳು. ಸ್ವಲ್ಪ ಹೊತ್ತಿಗೆ ಮಗು ಹತ್ತಿ ಕಚ್ಚಿಕೊಂಡು ಹೊರಗೆ ಬಂತು, ಪಟ್ಟಕ್ಕೆ ಬಂದ ರಾಣಿಯ ಹಾಗೆ. ಅಮ್ಮನನ್ನು ಕಂಡದ್ದೇ ತಡ, ಗೊಳೋ ಅಂತ ಶುರು. ಒಳಗೆ ಒಂದು ಹನಿ ಕಣ್ಣೀರಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಸಂಜೆ ದರ್ಜಿ ಅಂಗಡಿಗೆ ಹೋದಾಗ ಈ ಕಥೆ ಹೇಳಿದೆ. ಕೊಂಚ ಉಪ್ಪು ಖಾರ ಸೇರಿಸಿ.

ಜೂನ್ 5, ಬುಧವಾರ

ಮೊಮ್ಮಗಳು ಎರಡು ದಿನದಿಂದ ಒಂದೇ ಕಡೆ ಅಗಿಯುತ್ತಿದ್ದಾಳೆ. ಆರು ವರ್ಷ. ಆಳು ಇಷ್ಟೇ ಇಷ್ಟು, ಖಾರ ಊರಿಗಾಗುವಷ್ಟು. ಅದಕ್ಕೇ ಅವಳನ್ನು ಮೆಣಸು ಅನ್ನುವುದು. ಕಿಟಕಿ ಹತ್ತಿರ ನಿಲ್ಲಿಸಿ ಬಾಯಿ ತೆಗೆಸಿದೆ. ಕೆಳಗಿನ ಸಾಲು, ಹಿಂದಿನ ಹಲ್ಲು — ಕರೀ ತೂತು.

ಸೊಸೆ ಎಕ್ಸ್-ರೇ ತೆಗೆದು ನೋಡಿದಳು. ದೀಪದ ಬುಡದಲ್ಲೇ ಕತ್ತಲು.

“ಹಾಲುಹಲ್ಲು ತಾನೆ. ಹೇಗೂ ಬೀಳೋದು, ಕಿತ್ತು ಬಿಸಾಕು,” ಎಂದೆ.

“ಇಲ್ಲ ಅತ್ತೆ. ಅದರ ಕೆಳಗಿರೋ ಶಾಶ್ವತ ಹಲ್ಲು ಬರೋದಕ್ಕೆ ಇನ್ನೂ ವರ್ಷಗಳಿವೆ. ಈಗಲೇ ಕಿತ್ರೆ ಅಕ್ಕಪಕ್ಕದವು ವಾಲ್ಕೊಂಡು ಬಂದು ಆ ಜಾಗ ನುಂಗ್ತವೆ. ಒಳಗೆ ಕ್ಲೀನ್ ಮಾಡಿ, ತುಂಬಿಸಿ, ಉಳಿಸ್ಕೋಬೇಕು. ಅದೂ ಬೇಗ. ಬಾವು ಜಾಸ್ತಿಯಾದ್ರೆ ಉಳಿಸೋಕೂ ಆಗಲ್ಲ.”

ಬಸ್ಸಿನಲ್ಲಿ ಹಿಂದೆ ಬರುವವರಿಗೆ ಸೀಟು ಹಿಡಿದಿಟ್ಟ ಹಾಗೆ, ಅಷ್ಟು ಅರ್ಥವಾಯಿತು. ಶನಿವಾರ ಮಧ್ಯಾಹ್ನ, ಬೇರೆ ಯಾರೂ ಇಲ್ಲದಾಗ, ತಾನೇ ಮಾಡುತ್ತಾಳಂತೆ. ನನ್ನ ಮಗ ಆಗಲೇ ಕೈ ಎತ್ತಿದ. ಲಿಫ್ಟ್ ರಿಪೇರಿ ಮಾಡುವವನು, ಹತ್ತು ಮಹಡಿ ಮೇಲೆ ಹಗ್ಗಕ್ಕೆ ನೇತಾಡುತ್ತಾನೆ. ಒಂದು ಹನಿ ರಕ್ತ ಕಂಡರೆ ಮಾತ್ರ ನೆಲ ಹಿಡಿಯುತ್ತಾನೆ. ಅವನ ವಿಷಯ ಬಿಡಿ.

ಜೂನ್ 8, ಶನಿವಾರ. ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮೆಣಸು ತಾನೇ ಹತ್ತಿ ಕುರ್ಚಿಯಲ್ಲಿ ಮಲಗಿದಳು. ಆ ಕುರ್ಚಿಯ ಮೇಲೇ ಆಡಿ ಬೆಳೆದವಳು. ನರ್ಸಮ್ಮ ಲೈಟು ಎಳೆದರು. ನಾನು ಬಾಗಿಲಲ್ಲಿ. ಸೊಸೆ ಮಾಸ್ಕು ಹಾಕಿಕೊಂಡು, ಕೈಗೆ ಗ್ಲೌಸು ಏರಿಸಿ, ಎಲ್ಲ ಮಕ್ಕಳಿಗೂ ಹೇಳುವ ಹಾಗೆ ಹೇಳಿದಳು, “ಬಾಯಿ ದೊಡ್ಡದಾಗಿ ತೆಗೀಬೇಕು, ಪುಟ್ಟ.”

ಮೆಣಸು ತೆಗೆಯಲಿಲ್ಲ. “ಮೊದಲು ಅಮ್ಮ ಹೊರಗೆ ಹೋಗ್ಬೇಕು,” ಎಂದಳು.

“ನಾನೇ ಡಾಕ್ಟರು ಕಣೇ.”

“ಹಾಗಾದ್ರೆ ಅಮ್ಮ ಎಲ್ಲಿ?”

ನರ್ಸಮ್ಮನಿಗೆ ನಗು ಬಂತು. ನನಗೂ ಬಂತು. ಸೊಸೆಗೆ ಬರಲಿಲ್ಲ.

ಹೇಗೋ ಪುಸಲಾಯಿಸಿ ಬಾಯಿ ತೆಗೆಸಿದಳು. ಸೂಜಿ ತಾಗಿತೋ ಇಲ್ಲವೋ, ಮೆಣಸು “ಅಮ್ಮಾ… ಅಮ್ಮಾ ಬಾ…” ಎಂದು ಕೂಗಿದ ಕೂಗು ಬೀದಿಯ ಕೊನೆಗೆ ಕೇಳಿರಬೇಕು. ಕೂಗಿ ಕರೆಯುತ್ತಿದ್ದದ್ದು ಸೊಸೆಯನ್ನೇ. ತಪ್ಪಿಸಿಕೊಳ್ಳಲು ನೋಡುತ್ತಿದ್ದದ್ದೂ ಅವಳಿಂದಲೇ. ಎಷ್ಟು ಮಕ್ಕಳು ಅಲ್ಲಿ ಅಮ್ಮಾ ಅಂದಿಲ್ಲ. ಒಮ್ಮೆಯೂ ಅವಳು ಕೆಲಸ ಅರ್ಧಕ್ಕೆ ಬಿಟ್ಟದ್ದಿಲ್ಲ.

ಇವತ್ತು ಸೂಜಿ ಕೆಳಗಿಟ್ಟಳು. ಇನ್ನೊಮ್ಮೆ ಎತ್ತಿದಳು. ಮತ್ತೆ ಇಟ್ಟಳು. ಗ್ಲೌಸು ಕಿತ್ತು ಬುಟ್ಟಿಗೆ ಹಾಕಿ, ಮಗುವನ್ನು ಎತ್ತಿಕೊಂಡಳು. ಮೆಣಸು ಅವಳ ಕುತ್ತಿಗೆಗೆ ಜೋತುಬಿದ್ದು ಅವಳ ಮೇಲೇ ಚಾಡಿ ಹೇಳಿದಳು — “ಆ ಡಾಕ್ಟರು ಚುಚ್ಚಿದ್ರು ಅಮ್ಮ.”

ಜೂನ್ 9, ಭಾನುವಾರ

ಮೆಣಸಿನ ಕೆನ್ನೆ ಊದಿದೆ. ಸೊಸೆ ಔಷಧಿ ಕೊಟ್ಟಿದ್ದಾಳೆ. ಇನ್ನು ತಡಮಾಡಿದರೆ ಹಲ್ಲು ಕೈಬಿಟ್ಟ ಹಾಗೇ.

“ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋಗು,” ಎಂದೆ.

ನಮ್ಮ ಮನೆಯಲ್ಲಿ ಯಾರೂ ಎತ್ತದ ಹೆಸರು ಅದು. ದೊಡ್ಡ ಡಾಕ್ಟರೆಂದರೆ ಸೇತುವೆ ಪಕ್ಕದ ಹಳೇ ಕ್ಲಿನಿಕ್ಕಿನವರು. ಸೊಸೆ ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಅವರ ಕೈಕೆಳಗೆ. ಅಲ್ಲಿ ಅಪ್ಪ ಅಮ್ಮ ಒಳಗೇ ಕೂರಬೇಕು, ಅದು ಅವರ ಕಾನೂನು. ಇವಳು ಹೊರಗೆ ಕೂರಬೇಕು ಎಂದಳು. ಮಾತಿಗೆ ಮಾತು ಬೆಳೆಯಿತು. ಇವಳು ಕೋಟು ಮಡಚಿ ಅವರ ಮೇಜಿನ ಮೇಲಿಟ್ಟು ಬಂದು, ನಮ್ಮ ಮನೆ ಕೆಳಗೆ ಬೋರ್ಡು ಹಾಕಿದಳು.

“ಅವರ ಬಾಗಿಲಿಗೆ ಹೋದ್ರೆ ನಾನು ಸೋತ ಹಾಗೆ ಅತ್ತೆ.”

“ನೀನೇನು ಓಟದ ಪಂದ್ಯಕ್ಕೆ ಹೊರಟಿದ್ದೀಯಾ? ಕೆನ್ನೆ ಊದಿರೋದು ನಿನಗಾ, ಅವಳಿಗಾ?”

“ಅಲ್ಲಿ ನನ್ನನ್ನ ಒಳಗೆ ಕೂರಿಸ್ತಾರೆ. ನಿನ್ನೆ ನೋಡಿದ್ರಲ್ಲ. ನನ್ನ ಕಂಡ್ರೆ ಅವಳು ಮತ್ತೆ ಕಿರುಚ್ತಾಳೆ.”

ನಾನು ಗದರಿದೆ. “ಮೊದಲು ಫೋನ್ ಮಾಡು.”

ಮಾಡಿದಳು. ನಿಂತುಕೊಂಡೇ ಮಾತಾಡಿದಳು, ಎದುರಿಗೆ ಅವರೇ ಇದ್ದಾರೆ ಎಂಬಂತೆ.

ಜೂನ್ 10, ಸೋಮವಾರ. ಸಂಜೆ ಐದು

ಈಗಷ್ಟೇ ಬಂದೆವು. ಕಾಲಿನ ಧೂಳೂ ತೊಳೆದಿಲ್ಲ.

ದೊಡ್ಡ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲಿಗೆ ಬದಲು ಪರದೆ. ಅರ್ಧ ಸರಿದೇ ಇರುತ್ತದೆ. ಸೊಸೆ ತನ್ನ ಕ್ಲಿನಿಕ್ಕಿನಿಂದ ಹಾಗೇ ಬಂದಿದ್ದಳು, ಬಿಳಿ ಕೋಟಿನಲ್ಲಿ. ಮರೆತು ಬಂದಳೋ, ಬೇಕೆಂದೇ ಬಂದಳೋ. ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಹಳೆಯದನ್ನು ಎತ್ತಿ ಆಡುತ್ತಾರೆಂದು ನಾನೂ ನಾಲಿಗೆ ಸಾಣೆ ಹಿಡಿದು ಕೂತಿದ್ದೆ. ಎತ್ತಲಿಲ್ಲ. ಮಗುವಿನ ಎದುರು ಮೊಣಕಾಲೂರಿ ಕೂತು ಕೇಳಿದರು, “ನಿನ್ನ ಜೊತೆ ಒಳಗೆ ಯಾರು ಬರಬೇಕಮ್ಮ?”

ಮೆಣಸು ನನ್ನನ್ನು ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ. ಏಳಲು ತಯಾರು. ಆಮೇಲೆ ಅಮ್ಮನನ್ನು ನೋಡಿದಳು. ಸೊಸೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು, ತನ್ನನ್ನು ಕರೆಯುವುದಿಲ್ಲ ಎಂದು ಮೊದಲೇ ಮನಸ್ಸು ಗಟ್ಟಿಮಾಡಿಕೊಂಡವಳ ಹಾಗೆ.

“ಅಮ್ಮ,” ಎಂದಳು ಮೆಣಸು. “ಆದ್ರೆ ಕೋಟು ತೆಗೆದಿಟ್ಟು ಬಾ.”

ಸೊಸೆ ಗುಂಡಿ ಬಿಚ್ಚಿದಳು. ಕೋಟು ನನ್ನ ಮಡಿಲಿಗೆ ಬಂತು.

ಪರದೆಯ ಸಂದಿಯಲ್ಲಿ ಎಲ್ಲ ಕಂಡೆ. ಸ್ಟೂಲಿನ ಮೇಲೆ ಸೊಸೆ. ಅವಳ ಕೈಯಲ್ಲಿ ಮೆಣಸಿನ ಕೈ. ದೊಡ್ಡ ಡಾಕ್ಟರದು ನಿಧಾನದ ಕೈ, ಹಳೇ ಕ್ರಮ. ಒಂದು ಹತಾರ ಎತ್ತಿಕೊಂಡಾಗ ಸೊಸೆಯ ತುಟಿ ಅಲುಗಿತು. “ಸರ್, ಅದಕ್ಕೆ ಬದಲು…” ಎಂದಳು.

ಅವರು ಕೈ ನಿಲ್ಲಿಸಿದರು. ಅವಳ ಕಡೆ ನೋಡಿದರು ಅಷ್ಟೆ. ಇಷ್ಟು ಓದಿದವಳು, ಅದೇ ಕೆಲಸ ಕಣ್ಣುಮುಚ್ಚಿ ಮಾಡುವವಳು. ಬಾಯಿ ಬಿಟ್ಟರೆ ನೂರು ತಪ್ಪು ತೋರಿಸಬಲ್ಲಳು. ಬಾಯಿ ಮುಚ್ಚಿದಳು. ಖಾಲಿಯಿದ್ದ ಇನ್ನೊಂದು ಕೈಯನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೇ ಕೂತಳು.

ಆಮೇಲೆ ಮಗುವಿಗೆ ಮೆಲ್ಲಗೆ ಹೇಳತೊಡಗಿದಳು. ಹಲ್ಲಿನ ಮಾತಲ್ಲ. ನಾಳೆ ನೀಲಿ ಫ್ರಾಕು ಹಾಕೋಣವೋ ಹಳದಿಯೋ, ನೀಲಿಯದರ ಗುಂಡಿ ಹೊಲಿಯಬೇಕು, ಆ ಗುಂಡಿ ಎಲ್ಲಿ ಬಿತ್ತು… ಸೂಜಿ ಹೋದಾಗ ಮೆಣಸು ಅಮ್ಮನ ಮುಖ ನೋಡಿದಳು. ನಾನೂ ನೋಡಿದೆ. ಅಲ್ಲಿ ಹೆದರಿಕೆಯ ಸುಳಿವಿಲ್ಲ. ಗುಂಡಿ ಹುಡುಕುವವಳ ಮುಖ, ಅಷ್ಟೆ. ಒಳಗೆ ಏನು ಕುದಿಯುತ್ತಿತ್ತೋ, ತೊಡೆ ಕೆಳಗಿನ ಆ ಕೈಗೇ ಗೊತ್ತು.

ಕಿರುಚಲಿಲ್ಲ ಮಗು. ಒಮ್ಮೆ ಮುಲುಗಿತು. ಹಲ್ಲು ಉಳಿಯಿತು.

ಗ್ಲೌಸು ತೆಗೆಯುತ್ತ ದೊಡ್ಡ ಡಾಕ್ಟರು ಕೇಳಿದರು, “ಈಗೇನಂತೀಯಮ್ಮ? ಅಪ್ಪ ಅಮ್ಮ ಒಳಗಿರಬೇಕೋ ಬೇಡವೋ?”

“ಎಲ್ಲರೂ ಬೇಡ ಸರ್. ಕೆಲವರ ಮುಖ ನೋಡಿದ್ರೆ ನನಗೇ ಹೆದರಿಕೆ ಆಗುತ್ತೆ. ಮಗು ಯಾರನ್ನ ಕರೆಯುತ್ತೋ ಅವರು ಬರಲಿ. ಬೇಡ ಅಂದ್ರೆ ಹೊರಗೆ.”

“ನಾನೂ ಕೇಳೋದು ಈಗೀಗ,” ಎಂದರು ಅವರು. “ನೀನು ಹೋದ ಮೇಲೆ ಶುರುಮಾಡಿದ್ದು.”

ಇಬ್ಬರೂ ನಕ್ಕರು. ಸೋತು ಬಂದಳೆಂದು ಯಾರಾದರೂ ಅನ್ನಲಿ ನೋಡೋಣ. ಕೋಟನ್ನು ದಾರಿಯುದ್ದಕ್ಕೂ ನಾನೇ ಹಿಡಿದು ತಂದೆ. ಎದುರು ಸಿಕ್ಕವರು ಯಾರದು ಎಂದರೆ, “ನನ್ನ ಸೊಸೆಯದು.”

ಜೂನ್ 14, ಶುಕ್ರವಾರ

ಕಾನೂನು ಬದಲಾಯಿತು. ಒಳಗೆ ಒಂದು ಸ್ಟೂಲು ಬಂದಿದೆ. ಈಗ ನಾನು ದೊಡ್ಡವರನ್ನು ಗದರುವ ಹಾಗಿಲ್ಲ, ಮಕ್ಕಳನ್ನು ಕೇಳಬೇಕು. ಕೆಲಸ ಹೆಚ್ಚಾಯಿತು.

ಒಬ್ಬ ಹುಡುಗಿ ಅಮ್ಮ ಬೇಡ, ಅಪ್ಪ ಬೇಕೆಂದಳು. ಅಮ್ಮನ ಮುಖ ಗಂಟು. “ಒಂಬತ್ತು ತಿಂಗಳು ಹೊತ್ತವಳು ನಾನು,” ಎಂದಳು ನನ್ನ ಹತ್ತಿರ.

“ಈಗ ಅವನೂ ಸ್ವಲ್ಪ ಹೊತ್ತು ಹೊರಲಿ ಬಿಡಮ್ಮ,” ಎಂದೆ.

ಇನ್ನೊಂದು ಮಗು ಯಾರೂ ಬೇಡ, ಸ್ಕೂಲ್ ಬ್ಯಾಗು ಸಾಕು ಎಂದಿತು. ಬ್ಯಾಗನ್ನು ಸ್ಟೂಲಿನ ಮೇಲೆ ಕೂರಿಸಿದರು. ಹಾಲಿನವನಿಗೆ, ಎದುರು ಮನೆಯವಳಿಗೆ, ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ಹೇಳಿದ್ದೇನೆ. ತಾನು ಹಾಕಿದ ಕಾನೂನನ್ನು ತಾನೇ ತಿದ್ದುವ ಡಾಕ್ಟರು ಇನ್ನೊಬ್ಬರಿದ್ದರೆ ತೋರಿಸಿ.

ಜೂನ್ 24, ಸೋಮವಾರ. ಬೆಳಿಗ್ಗೆ

ಹತ್ತು ದಿನ ಬರೆಯಲಿಲ್ಲ. ಬೆಂಚು ತುಂಬಿರುತ್ತದೆ, ಪುರುಸೊತ್ತೆಲ್ಲಿ.

ತಿಂಡಿ ಹೊತ್ತಿನಲ್ಲಿ ಸೊಸೆ ತಟ್ಟೆ ಮುಂದೆ ಸುಮ್ಮನೆ ಕೂತಿದ್ದಳು. ಕೇಳಿದಳು, “ಅತ್ತೆ, ಇಷ್ಟು ವರ್ಷ ಹೊರಗೆ ಕೂರಿಸಿದ್ನಲ್ಲ… ಅವರಲ್ಲಿ ಎಷ್ಟು ಮಕ್ಕಳಿಗೆ ಅಮ್ಮ ಬೇಕಿತ್ತೋ. ನಾನು ತಪ್ಪು ಮಾಡಿದ್ನಾ?”

“ತಿಂಡಿ ಆರಿಹೋಗ್ತಿದೆ, ತಿನ್ನು,” ಎಂದೆ. ನನ್ನ ಬಾಯಿಗೆ ಅಷ್ಟೇ ಬಂತು. ಅವಳು ತಿಂದು, ಕೋಟು ಹಾಕಿಕೊಂಡು ಇಳಿದು ಹೋದಳು. ಪ್ರಶ್ನೆ ಇಲ್ಲೇ ಉಳಿಯಿತು.

ಯೋಚಿಸಿದೆ. ಊರಿಗೆಲ್ಲ ಅವಳನ್ನು ಹೊಗಳಿ ಬಂದವಳು ನಾನು. ಒಬ್ಬಳಿಗೆ ಮಾತ್ರ ಹೇಳಿಲ್ಲ, ಅವಳಿಗೆ. ಕೈ ಮೇಲೆ ಕೂತು, ಮುಖದಲ್ಲಿ ಏನೂ ತೋರಿಸದೆ, ಗುಂಡಿ ಹುಡುಕಿದಳಲ್ಲ… ಅದನ್ನು ಪರದೆಯ ಸಂದಿಯಲ್ಲಿ ಕಂಡವಳು ನಾನೊಬ್ಬಳೇ. ನಾನು ಹೇಳದಿದ್ದರೆ ಅವಳಿಗೆ ಗೊತ್ತೇ ಆಗುವುದಿಲ್ಲ. ತಪ್ಪು ಮಾಡಿದೆ ಎಂದೇ ಅಂದುಕೊಂಡಿರುತ್ತಾಳೆ.

ಕ್ಲಿನಿಕ್ಕು ತೆಗೆಯಲು ಇನ್ನೂ ಸ್ವಲ್ಪ ಹೊತ್ತಿದೆ. ಕೆಳಗೆ ನಲ್ಲಿ ಸದ್ದು, ಕೈ ತೊಳೆಯುತ್ತಿದ್ದಾಳೆ. ಬೈದು ಶುರುಮಾಡುವುದೇ ನನಗೆ ಸುಲಭ. ಇವತ್ತು ಬೇಡ. ನೇರವಾಗಿ ಹೇಳುತ್ತೇನೆ, ನೋಡಮ್ಮ, ಆ ದಿನ ನೀನು…

ನಲ್ಲಿ ನಿಂತಿತು. ಬೆಂಚಿಗೆ ಜನ ಬರುವ ಮುಂಚೆ ಇಳಿದು ಹೋಗಿ ಹೇಳಿಬಿಡುತ್ತೇನೆ.