ಮೂರು ಸಲ ಮಿಣುಕಿ ಆರುವ ದೀಪ

ತಾರೀಕು ಹನ್ನೆರಡು, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಕ್ಷೇಮ ಸಮಾಚಾರ, ಆಶೀರ್ವಾದ ಎಲ್ಲ ಆಮೇಲೆ. ಮೊದಲು ಇದನ್ನು ಓದಿಕೋ: ಚೋಟುಗೆ ಏನೂ ಆಗಿಲ್ಲ. ಮಂಡಿಯ ಗಾಯ ವಾಸಿಯಾಗಿ ನಾಲ್ಕು ತಿಂಗಳ ಮೇಲಾಯಿತು, ಈಗ ಹುಡುಕಿದರೂ ಅಲ್ಲಿ ಕಲೆ ಸಿಗುವುದಿಲ್ಲ. ನಿನ್ನ ಮಗಳು ತಿನ್ನುತ್ತಾಳೆ, ಬೆಳೆಯುತ್ತಾಳೆ, ಈ ಗಳಿಗೆಯಲ್ಲಿ ನನ್ನ ಕಾಲ ಬುಡದಲ್ಲಿ ಕೂತು ಬಾಬಿನ್ನಿಗೆ ಸುತ್ತಿಟ್ಟ ನೀಲಿ ದಾರವನ್ನೆಲ್ಲ ಬಿಚ್ಚಿ ನೆಲದ ತುಂಬ ಹರಡುತ್ತಿದ್ದಾಳೆ. ನೀನು ಈ ಕಾಗದವನ್ನು ಇಲ್ಲಿಗೇ ಮಡಿಸಿಟ್ಟು ಹೋಗಿ ಊಟ ಮಾಡಿ ಬಾ. ಉಳಿದದ್ದು ಹೊಟ್ಟೆ ತುಂಬಿದ ಮೇಲೆ ಓದಿದರೂ ನಡೆಯುತ್ತದೆ.

ನಿನ್ನ ಕಾಗದ ಗುರುವಾರ ಬಂತು. ಆಸ್ಪತ್ರೆಯವರ ಸಮವಸ್ತ್ರಕ್ಕೆ ಜೇಬು ಕೂರಿಸುತ್ತಿದ್ದೆ. ಓದಿ ಮುಗಿಸಿ ಮತ್ತೆ ಮೆಷಿನ್ ತುಳಿದವಳು ಆರು ಅಂಗಿಗೆ ಎಡಗಡೆಯ ಜೇಬನ್ನು ಬಲಗಡೆಗೆ ಹೊಲಿದಿದ್ದೆ. ಮಗುವಿನ ಮಂಡಿಯ ತರಚು ಗಾಯ ನಾಲ್ಕು ತಿಂಗಳಾದರೂ ಒಣಗಿಲ್ಲ, ಕೂದಲು ಹುಬ್ಬಿಗೆ ಇಳಿದಿಲ್ಲ, ಹಲ್ಲು ಇದ್ದಷ್ಟೇ ಇವೆ, ಅಮ್ಮಾ ಅವಳಿಗೆ ಏನಾಗಿದೆ ನಿಜ ಹೇಳು ಎಂದು ಬರೆದಿದ್ದೀಯ. ಫೋಟೋಗಳನ್ನು ಸಾಲಾಗಿ ಹಾಸಿಗೆಯ ಮೇಲೆ ಹರಡಿ ನೋಡಿದೆಯಂತೆ. ಅಲ್ಲಿನ ಡಾಕ್ಟರನ್ನು ಕೇಳಿದ್ದಕ್ಕೆ ಅವರು ಮಾಯದ ಗಾಯ ಅಂದರೆ ಸಕ್ಕರೆ ಕಾಯಿಲೆ ಇರಬಹುದು, ಬೇಗ ತೋರಿಸಲಿ ಅಂದರಂತೆ. ನಿನ್ನ ಕೋಣೆಯ ಹೆಂಗಸು ಕೆಳಗೆ ಬೇರೆ ಅಕ್ಷರದಲ್ಲಿ ಎರಡು ಸಾಲು ಸೇರಿಸಿದ್ದಾಳೆ, ನೋಡಿದೆಯೋ ಇಲ್ಲವೋ. ಇವಳು ಆರು ದಿನದಿಂದ ತಟ್ಟೆ ಮುಟ್ಟುತ್ತಿಲ್ಲ, ತಾಯಿ, ಏನಾದರೂ ಒಂದು ಬರೆದು ಕಳಿಸಿ ಅಂತ.

ಹೇಳಿಬಿಡುತ್ತೇನೆ. ನಾಲ್ಕು ತಿಂಗಳಿಂದ ನಾನು ಕಳಿಸುತ್ತಿರುವ ಫೋಟೋಗಳೆಲ್ಲ ಹಳೆಯವು. ಎಲ್ಲವೂ ಒಂದೇ ವಾರದಲ್ಲಿ ತೆಗೆದವು. ಆ ವಾರ ಅವಳು ಹೊಸದಾಗಿ ಓಡುವುದಕ್ಕೆ ಕಲಿತಿದ್ದಳು, ನಾನು ಹುಚ್ಚು ಹಿಡಿದವಳ ಹಾಗೆ ನೂರಿಪ್ಪತ್ತು ತೆಗೆದಿದ್ದೆ. ಕ್ಯಾಮೆರಾ ನಿಂತುಹೋದ ಮೇಲೆ ಅದರೊಳಗಿನ ಮೆಮೊರಿ ಕಾರ್ಡನ್ನು ಫೋಟೋ ಅಂಗಡಿಗೆ ಒಯ್ದು ತಿಂಗಳಿಗೆ ನಾಲ್ಕರಂತೆ ಪ್ರಿಂಟ್ ಹಾಕಿಸಿದೆ. ಒಂದು ತಿಂಗಳು ಹಳದಿ ಫ್ರಾಕು, ಒಂದು ತಿಂಗಳು ಕೆಂಪು ಫ್ರಾಕು, ನಿನಗೆ ಗೊತ್ತಾಗಬಾರದೆಂದು ಬಟ್ಟೆ ನೋಡಿ ಆರಿಸುತ್ತಿದ್ದೆ. ಬಟ್ಟೆಯನ್ನಷ್ಟೇ ನೋಡಿದೆ ಕಣೇ! ಎಲ್ಲದರಲ್ಲೂ ಆ ಮಂಡಿಯ ಗಾಯ ಹಸಿಯಾಗಿಯೇ ಇದೆ ಎನ್ನುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ದರ್ಜಿಯ ಬುದ್ಧಿ ಅಷ್ಟೇ.

ಈ ಕಾಗದಕ್ಕೂ ಮುಂಚಿನ ಶುಕ್ರವಾರ ಫೋನಿನಲ್ಲಿ ನೀನು ಇದನ್ನೇ ಕೇಳಿದಾಗ ಲೈನ್ ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ ಅಂದೆನಲ್ಲ, ಕೇಳಿಸುತ್ತಿತ್ತು. ನಿನಗೆ ಸಿಗುವುದು ಐದು ನಿಮಿಷ, ನಿನ್ನ ಹಿಂದೆ ನಿಂತವರು ಬೇಗ ಬೇಗ ಎಂದು ಕೂಗುತ್ತಿರುತ್ತಾರೆ. ಅಷ್ಟರಲ್ಲಿ ಇದನ್ನೆಲ್ಲ ಎಲ್ಲಿಂದ ಶುರುಮಾಡಲಿ?

ಕ್ಯಾಮೆರಾದ ಕಥೆ ಕೇಳು. ನಿನ್ನ ಕಾರು ಆ ಸೈಕಲ್ಲಿನವನಿಗೆ ತಗುಲಿದ ದಿನ ನೀನು ಗಿರಾಕಿಗೆ ಆಲ್ಬಮ್ ಕೊಡಲು ಹೊರಟಿದ್ದೆ, ಕ್ಯಾಮೆರಾ ಮನೆಯಲ್ಲೇ ಇತ್ತು. ಚಾರ್ಜರ್ ಡಬ್ಬಿ, ಅದರಲ್ಲಿ ಸಿಕ್ಕಿಸಿದ್ದ ಅಸಲಿ ಬ್ಯಾಟರಿ ಎರಡೂ ಕಾರಿನಲ್ಲಿದ್ದವು. ಕಾರು ಇವತ್ತಿಗೂ ಪೊಲೀಸರ ಅಂಗಳದಲ್ಲಿ ಧೂಳು ತಿನ್ನುತ್ತಿದೆ. ಎರಡು ಸಲ ಹೋಗಿ ಕೇಳಿದೆ. ನಿನ್ನ ಶಿಕ್ಷೆಯ ಮೇಲ್ಮನವಿ ಮುಗಿಯುವ ತನಕ ಅದರೊಳಗಿನ ಒಂದು ಗುಂಡುಸೂಜಿಯನ್ನೂ ಕೊಡುವ ಹಾಗಿಲ್ಲವಂತೆ. ಕಪಾಟಿನಲ್ಲಿ ನೀನು ತುಂಬಿಸಿಟ್ಟಿದ್ದ ಬೇರೆ ಎರಡು ಬ್ಯಾಟರಿಯಲ್ಲೇ ನಾನು ಅರ್ಧ ವರ್ಷ ದೂಡಿದೆ. ಒಂದು ಮಂಗಳವಾರ ಎರಡನೆಯದೂ ಖಾಲಿಯಾಯಿತು.

ವೈರಿನಿಂದಲೇ ಚಾರ್ಜ್ ಮಾಡಬಹುದು ಎಂದು ನೀನೇ ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ನನ್ನ ಹಳೇ ಫೋನಿನ ವೈರು ತಂದೆ. ಕ್ಯಾಮೆರಾದ ಪಕ್ಕದ ರಬ್ಬರ್ ಮುಚ್ಚಳ ತೆಗೆದರೆ ಒಂದಲ್ಲ, ಎರಡು ತೂತು. ದೊಡ್ಡದಕ್ಕೆ ಆ ವೈರು ಸಡಿಲ, ಚಿಕ್ಕದಕ್ಕೆ ಬಿಗಿ. ಬಿಗಿಯಾದದ್ದೇ ಸರಿ ಎಂದು ಒತ್ತಿ ಕೂರಿಸಿ ಇಡೀ ದಿನ ಇಟ್ಟೆ. ಆಮೇಲೆ ತಿಳಿಯಿತು, ಅದು ಟೀವಿಗೆ ಸಿಕ್ಕಿಸುವ ತೂತಂತೆ. ಪುಣ್ಯಕ್ಕೆ ಒಳಗೆ ಏನೂ ಮುರಿದಿಲ್ಲ.

ಬಸ್ ನಿಲ್ದಾಣದ ಎದುರು ಮೊಬೈಲ್ ಸಾಮಾನಿನ ಅಂಗಡಿ ಇಟ್ಟಿದ್ದಾಳಲ್ಲ, ದಾರ ಕಟ್ಟಿದ ಕನ್ನಡಕದಾಕೆ, ಅವಳ ಹತ್ತಿರ ಹೋದೆ. ಯಾವ ಪಿನ್ ಬೇಕಮ್ಮ ಅಂದಳು. ಕ್ಯಾಮೆರಾಕ್ಕೆ ಆಗುವಂಥದ್ದು ಅಂದೆ. ಅಂಗಿಗೆ ಆಗುವ ಗುಂಡಿ ಕೊಡಿ ಅಂದಂಗಾಯ್ತು ಬಿಡಿ, ಕ್ಯಾಮೆರಾ ತಗೊಂಡು ಬನ್ನಿ ಅಂತ ನಕ್ಕಳು. ನನಗೆ ಸಿಟ್ಟು ಬಂತು. ಸೂಜಿಯ ನಂಬರನ್ನು ಬೆರಳಲ್ಲೇ ಹೇಳುವವಳು ನಾನು. ಅಂಗಡಿಯಲ್ಲಿ ನೇತುಹಾಕಿದ್ದ ವೈರುಗಳನ್ನು ನೋಡಿ, ಮೇಲೆ ಕೆಳಗೆ ಎಂಬ ಭೇದವಿಲ್ಲದ ಮೊಟ್ಟೆಯಾಕಾರದ ತುದಿಯದ್ದನ್ನು ಆರಿಸಿ ತಂದೆ. ತೂತಿಗೆ ಅಚ್ಚುಕಟ್ಟಾಗಿ ಕೂತಿತು. ಆದರೆ ಗೋಡೆಗೆ ಸಿಕ್ಕಿಸುವ ಚಾರ್ಜರ್ ಮಾತ್ರ ಅಲ್ಲಿದ್ದ ಎಲ್ಲಕ್ಕಿಂತ ಚಿಕ್ಕದನ್ನೇ ತಂದಿದ್ದೆ. ದೊಡ್ಡದರ ಮೇಲೆ ಅರವತ್ತೈದು ವ್ಯಾಟ್ ಎಂದು ಬರೆದಿತ್ತು. ಆವತ್ತು ತಪ್ಪು ಕರೆಂಟು ಹರಿದು ನನ್ನ ಮೆಷಿನ್ನಿನ ಮೋಟಾರು ಸುಟ್ಟು ಹೊಗೆ ಬಂದದ್ದು ನೆನಪಿದೆಯಲ್ಲ? ಹೊಲಿಗೆ ಮೋಟಾರಿಗೇ ಆ ಗತಿಯಾದರೆ ಅಂಗೈಯಗಲದ ಕ್ಯಾಮೆರಾ ಉಳಿಯುತ್ತದೆಯೇ ಅನ್ನಿಸಿತು.

ಸಿಕ್ಕಿಸಿದರೆ ಕಿತ್ತಳೆ ಬಣ್ಣದ ಪುಟ್ಟ ದೀಪ ಒಂದು, ಎರಡು, ಮೂರು ಸಲ ಮಿಣುಕಿ ಆರಿತು. ಆರಿದರೆ ತುಂಬಿತು ಅಂತ ಅರ್ಥ ಮಾಡಿಕೊಂಡೆ! ಒತ್ತಿ ನೋಡಿದರೆ ಜೀವವೇ ಇಲ್ಲ. ತೆಗೆದು ಮತ್ತೆ ಸಿಕ್ಕಿಸಿದೆ, ಮತ್ತೆ ಮೂರು ಸಲ. ಚೋಟುಗೆ ಅದೊಂದು ಆಟ. ದೀಪ ಮಿಣುಕಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು, ಆರಿದ ಕೂಡಲೇ ಮತ್ತೆ ಮಾಡು ಎಂದು ನನ್ನ ಸೆರಗು ಜಗ್ಗುತ್ತಿದ್ದಳು.

ನಿನ್ನ ಕಾಗದ ಬಂದ ಮಾರನೆಯ ದಿನವೇ ಕ್ಯಾಮೆರಾವನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಆ ಕನ್ನಡಕದಾಕೆಯ ಅಂಗಡಿಗೆ ಓಡಿದೆ. ಆ ಚಿಕ್ಕ ಚಾರ್ಜರ್ ಇದಕ್ಕೆ ಎಲ್ಲಿಗೂ ಸಾಲದು, ಇದು ಫೋನಲ್ಲ ಅಂದಳು. ದೊಡ್ಡದು ಹಾಕಿದರೆ ಸುಡುವುದಿಲ್ಲವಂತೆ. ಕ್ಯಾಮೆರಾ ತನಗೆ ಎಷ್ಟು ಬೇಕೆಂದು ಚಾರ್ಜರ್ ಹತ್ತಿರ ಕೇಳಿ ಅಷ್ಟನ್ನೇ ತೆಗೆದುಕೊಳ್ಳುತ್ತದಂತೆ, ಮೇಲೆ ಬರೆದಿರುವುದು ಅದು ಕೊಡಬಲ್ಲ ಗರಿಷ್ಠವಂತೆ, ಬಲವಂತದಿಂದ ತುರುಕುವ ಲೆಕ್ಕ ಅಲ್ಲವಂತೆ. ವೈರೂ ಎರಡೂ ತುದಿ ಒಂದೇ ಥರ ಇರುವುದೇ ಬೇಕು, ಅದೂ ಗಟ್ಟಿಯದು ಎಂದು ಬೇರೆ ಕೊಟ್ಟಳು. ಚಾರ್ಜ್ ಮಾಡುವಾಗ ಕ್ಯಾಮೆರಾದ ಸ್ವಿಚ್ ಆಫ್ ಇರಬೇಕು ಅಂತಲೂ ಹೇಳಿದಳು. ನಾನು ಅಷ್ಟು ದಿನ ಆನ್ ಮಾಡಿಯೇ ಇಟ್ಟಿದ್ದೆ, ಆಫ್ ಮಾಡಿದರೆ ಒಲೆ ಆರಿಸಿ ಅಡುಗೆ ಮಾಡಿದ ಹಾಗೆ ಆಗುತ್ತದೆ ಅಂದುಕೊಂಡು. ನೀನೇ ಹೇಳು, ನನಗೆ ಇದೆಲ್ಲ ಯಾರು ಕಲಿಸಬೇಕಿತ್ತು? ಕಲಿಸಬೇಕಾದವಳು ಅಲ್ಲಿದ್ದೀಯ.

ಅಂಗಡಿಯಲ್ಲೇ ಸಿಕ್ಕಿಸಿದಳು. ನಾನು ಮಿಣುಕು ಎಣಿಸಿದೆ. ಒಂದು, ಎರಡು, ಮೂರು. ಆರಿತು.

ಆಗ ಅವಳು ಕೆಳಗಿನ ಬಾಗಿಲು ತೆಗೆದು ಬ್ಯಾಟರಿಯನ್ನು ಅಂಗೈಗೆ ಹಾಕಿಕೊಂಡು ಕನ್ನಡಕದ ಕೆಳಗೆ ಹಿಡಿದಳು. ಅಯ್ಯೋ ಅಮ್ಮ, ಇದು ಡೂಪ್ಲಿಕೇಟು ಅಂದಳು. ಇಂಥದ್ದು ಹೊರಗಿನ ಚಾರ್ಜರ್ ಡಬ್ಬಿಯಲ್ಲಿಟ್ಟರೆ ತುಂಬುತ್ತದೆ, ಫೋಟೋನೂ ತೆಗೆಯುತ್ತದೆ, ಆದರೆ ವೈರಿನಲ್ಲಿ ಕೊಟ್ಟರೆ ಈ ಕ್ಯಾಮೆರಾ ಇದನ್ನು ಒಪ್ಪುವುದಿಲ್ಲ, ತನ್ನದಲ್ಲ ಅಂತ ಮುಖ ತಿರುಗಿಸಿಬಿಡುತ್ತದೆ. ಇನ್ನೊಂದನ್ನೂ ತೋರಿಸಿದೆ. ಅದೂ ಅದೇ ಜಾತಿ. ನೀನು ಕೊಂಡಾಗ ಅಸಲಿ ಅಂತಲೇ ಕೊಂಡಿದ್ದೆಯೋ ಏನೋ, ಇರಲಿ ಬಿಡು. ಅಸಲಿ ಬ್ಯಾಟರಿಯನ್ನೋ ಹೊರಗಿನ ಡಬ್ಬಿಯನ್ನೋ ತರಿಸಬೇಕು, ಬರುವುದಕ್ಕೆ ಮೂರು ವಾರವಂತೆ. ಎರಡೂ ನಮ್ಮ ಕಾರಿನ ಸೀಟಿನ ಮೇಲೆ ಬಿದ್ದಿವೆ. ನಾನು ಆ ಕಬ್ಬಿಣದ ಗೇಟಿನ ಆಚೆ ನಿಂತು ಕಾರಿನ ಗಾಜನ್ನು ನೋಡಿಕೊಂಡು ಬಂದಿದ್ದೇನೆ, ಅಷ್ಟೇ ನನ್ನಿಂದ ಆದದ್ದು.

ಮೂರು ವಾರ ನೀನು ಹೇಗೆ ತಡೆಯುತ್ತೀಯ? ನಾನು ಬಂದು ಕಂಬಿಯ ಈಚೆ ನಿಂತು ಹೇಳೋಣ ಅಂದರೆ ನನ್ನ ಭೇಟಿಯ ಸರದಿ ಮುಂದಿನ ತಿಂಗಳು. ಮಗುವನ್ನು ಅಲ್ಲಿಗೆ ಕರೆತರಲೇಬಾರದು ಎಂದು ನೀನು ನನ್ನಿಂದ ಆಣೆ ಹಾಕಿಸಿಕೊಂಡಿದ್ದೀಯ. ಯಾರ ಫೋನಿನಲ್ಲಾದರೂ ಒಂದು ತೆಗೆಸಬಾರದಿತ್ತೇ ಎಂದು ಕೇಳುತ್ತೀಯ, ಗೊತ್ತು. ಕಂಡವರ ಮುಂದೆ ಕೈಯೊಡ್ಡುವುದು ನನಗೆ ಆಗಿಬರುವುದಿಲ್ಲ. ನನ್ನ ಸ್ವಭಾವ ನಿನಗೆ ಹೊಸದಲ್ಲ.

ಅದಕ್ಕೇ ನನಗೆ ಬರುವ ವಿದ್ಯೆಯಲ್ಲಿ ಪುರಾವೆ ಕೊಡುತ್ತೇನೆ. ಅವಳ ಅಳತೆಯನ್ನು ನಾನು ತಿಂಗಳಿಗೊಮ್ಮೆ ಬರೆದಿಡುತ್ತೇನೆ, ಗಿರಾಕಿಗಳ ಪುಸ್ತಕದಲ್ಲೇ, ಅವಳದೇ ಒಂದು ಪುಟ. ನೀನು ಹೋದಾಗ ಎತ್ತರ ಇಪ್ಪತ್ತೊಂಬತ್ತೂವರೆ ಇಂಚು. ಇವತ್ತು ಬೆಳಿಗ್ಗೆ ಬಾಗಿಲಿಗೆ ಒರಗಿಸಿ ಹಿಡಿದೆ, ಮೂವತ್ತಮೂರೂಕಾಲು. ಭುಜ ಮುಕ್ಕಾಲು ಇಂಚು ಅಗಲವಾಗಿದೆ. ತೋಳು ಒಂದೂವರೆ ಉದ್ದವಾಗಿದೆ. ಹಳದಿ ಫ್ರಾಕಿನ ಅಂಚನ್ನು ಎರಡು ಸಲ ಬಿಚ್ಚಿ ಇಳಿಸಿದೆ, ಈಗ ಇಳಿಸುವುದಕ್ಕೆ ಬಟ್ಟೆಯೇ ಇಲ್ಲ. ಹಲ್ಲು ಹದಿನಾಲ್ಕು. ಎಣಿಸಲು ಬೆರಳು ಹಾಕಿದಾಗ ಕಚ್ಚಿದಳು, ಅದೂ ಒಂದು ಪುರಾವೆ ಅಂದುಕೋ. ಈ ಅಂಕಿಗಳನ್ನು ನಿಮ್ಮ ಡಾಕ್ಟರಿಗೆ ತೋರಿಸು. ಕಾಯಿಲೆಯ ಮಗು ಒಂದು ವರ್ಷದೊಳಗೆ ಮೂರೂಮುಕ್ಕಾಲು ಇಂಚು ಬೆಳೆಯುತ್ತದೆಯೇ ಎಂದು ಕೇಳು.

ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಸಿಟ್ಟು ಮಾಡಿಕೋ, ಊಟದ ಮೇಲೆ ಮಾಡಿಕೊಳ್ಳಬೇಡ. ನಿನಗೆ ಹೊಟ್ಟೆಗಿಳಿಯದೆ ನನಗೂ ಇಲ್ಲಿ ಗಂಟಲಲ್ಲಿ ಇಳಿಯುತ್ತಿಲ್ಲ. ನಾವಿಬ್ಬರೂ ಉಪವಾಸ ಬಿದ್ದರೆ ಈ ಮಗುವಿಗೆ ಯಾರಿದ್ದಾರೆ?

ಟೇಪು ಹಿಡಿದೇ ಬರೆಯುತ್ತಿರುವ
ನಿನ್ನ ಅಮ್ಮ

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಬರೆಯದೆ ಬಿಟ್ಟದ್ದು: ಲಕೋಟೆ ಅಂಟಿಸಿ ಅಂಚೆ ಡಬ್ಬದವರೆಗೂ ಹೋಗಿದ್ದೆ. ಹಾಕಲಾಗಲಿಲ್ಲ, ವಾಪಸ್ ಬಂದು ಬಿಡಿಸಿದೆ. ಏನೂ ಆಗಿಲ್ಲ ಅಂದದ್ದು ನಿಜವಲ್ಲ. ಕ್ಯಾಮೆರಾ ನಿಂತ ಮರುವಾರ ನಾನು ಅವಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿ ಕತ್ತರಿ ತೆಗೆಯಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಬಿದ್ದಿದ್ದಳು. ಮೆಷಿನ್ನಿನ ಕಬ್ಬಿಣದ ತುಳಿಮಣೆ ಗದ್ದಕ್ಕೆ ಬಡಿದಿತ್ತು. ನಾಲ್ಕು ಹೊಲಿಗೆ ಬಿತ್ತು. ವಾಸಿಯಾಗಿದೆ, ನೋವಿಲ್ಲ, ಜಗಿಯುತ್ತಾಳೆ, ನಗುತ್ತಾಳೆ. ಆದರೆ ಗುರುತು ಉಳಿದಿದೆ. ಡಾಕ್ಟರು ಒಂದು ಕಡೆ ದಾರ ಬಿಗಿಯಾಗಿ ಎಳೆದು ನೆರಿಗೆ ಬರಿಸಿದ್ದಾರೆ. ಬಟ್ಟೆಯಾಗಿದ್ದರೆ ನಾನೇ ಬಿಚ್ಚಿ ಮತ್ತೆ ಹಾಕುತ್ತಿದ್ದೆ.

ಮಗುವನ್ನು ಒಳಗೇ ನಿನ್ನ ಜೊತೆ ಇಟ್ಟುಕೊಳ್ಳಬಹುದು ಎಂದು ಜೈಲಿನ ಅಧಿಕಾರಿ ಹೇಳಿದಾಗ, ಬೇಡ, ನಮ್ಮಮ್ಮನ ಹತ್ರ ಇದ್ರೆ ನಂಗೆ ನಿಶ್ಚಿಂತೆ ಅಂದವಳು ನೀನು. ಆ ಮಾತನ್ನು ಹೊತ್ತುಕೊಂಡು ಆ ಮುಖವನ್ನು ನಿನಗೆ ಹೇಗೆ ಕಳಿಸಲಿ? ದೀಪ ಆರಿದಾಗಲೆಲ್ಲ ಮೊದಮೊದಲು ನನಗೆ ಒಳಗೊಳಗೇ ಸಮಾಧಾನ ಆಗುತ್ತಿತ್ತು. ಮೋಟಾರು ಸುಟ್ಟ ನೆನಪು ಸುಳ್ಳಲ್ಲ, ಆದರೆ ಚಿಕ್ಕ ಚಾರ್ಜರ್ ಆರಿಸಿದ್ದು ಅದೊಂದಕ್ಕೇ ಅಲ್ಲ. ಕ್ಯಾಮೆರಾ ತನ್ನಿ ಎಂದು ಅಂಗಡಿಯಾಕೆ ಹೇಳಿದ ಮೇಲೂ ತಿಂಗಳುಗಟ್ಟಲೆ ನಾಳೆ ನಾಳೆ ಅಂದೆ. ನಿನ್ನ ಕಾಗದ ಬಂದ ಮೇಲೆ ನಿಜವಾಗಿಯೂ ಚಾರ್ಜ್ ಆಗಲಿ ಎಂದು ಬೇಡಿಕೊಂಡೆ. ಆಗ ಅದು ಆಗಲೊಲ್ಲದು.

ಈಗ ಚೋಟುವನ್ನು ಎತ್ತಿಕೊಂಡು ಅದೇ ಅಂಗಡಿಗೆ ಹೋಗಿ ಬಂದೆ. ಆಕೆ ತನ್ನ ಫೋನಿನಲ್ಲೇ ತೆಗೆದು ಅಲ್ಲೇ ಪ್ರಿಂಟ್ ಹಾಕಿಸಿಕೊಟ್ಟಳು. ಮುಖ ಸ್ವಲ್ಪ ವಾರೆ ಮಾಡಿಸಿ ತೆಗೆಸೋಣ ಅಂತ ಅಲ್ಲೂ ನನ್ನ ಮನಸ್ಸು ಹೊಂಚಿತು. ನಿನ್ನ ಮಗಳು ಯಾರ ಮಾತು ಕೇಳುತ್ತಾಳೆ, ನೇರವಾಗಿ ನೋಡಿಬಿಟ್ಟಳು. ಈ ಸಲ ನಾಲ್ಕಿಲ್ಲ, ಒಂದೇ ಇದೆ. ಲಕೋಟೆ ಒಡೆಯುವವರು ನಿನಗಿಂತ ಮೊದಲೇ ನೋಡಿರುತ್ತಾರೆ. ನೀನು ನೋಡುವಾಗ ನಾನು ಪಕ್ಕದಲ್ಲಿ ಇರುವುದಿಲ್ಲ, ನಿನ್ನ ಕೈ ಹಿಡಿದುಕೊಳ್ಳಲು ಆಗುವುದಿಲ್ಲ. ಅದಕ್ಕೆ ಒಂದು ಮಾತು ನಡೆಸಿಕೊಡು. ಫೋಟೋ ತೆಗೆದ ಕೂಡಲೇ ಗದ್ದದ ಮೇಲೆ ಹೆಬ್ಬೆರಳು ಇಟ್ಟುಕೋ. ಮೊದಲು ಅವಳ ಕಣ್ಣು ನೋಡು, ಹಣೆಯ ಮೇಲಿನ ಕೂದಲು ನೋಡು, ಎಷ್ಟು ಹೊತ್ತು ಬೇಕಾದರೂ ನೋಡು. ಆಮೇಲೆ ಬೆರಳು ತೆಗೆ.