ಮೊರಿತಾನ ಹರಕೆ

೨೮ ಏಪ್ರಿಲ್ ೧೯೮೧, ಕುವೈತ್

ಮರಳುಗಾಳಿ. ಮೀನಾ ಅಲ್ ಅಹ್ಮದಿ ರಿಫೈನರಿಯಿಂದ ಮನೆಗೆ ಬಸ್ಸು ಇವತ್ತೂ ತಡ. ಪಂಪ್ ಸೆಕ್ಷನ್ನಿನ ಜಪಾನಿ ಮೊರಿತಾ ಪಕ್ಕದಲ್ಲಿ ಕುಳಿತ. ಮಾರ್ಚಿನಲ್ಲಿ ಅವನ ತಮ್ಮ ಮೀನು ಹಿಡಿಯಲು ಹೋಗಿ ಸಮುದ್ರದಲ್ಲಿ ಮುಳುಗಿದ. ಶವ ಸಿಕ್ಕರೆ ಊರಿನ ಗುಡಿಯಲ್ಲಿ ಕೈಮುಗಿಯುತ್ತೇನೆಂದು ಮೊರಿತಾ ಇಲ್ಲಿಂದಲೇ ಹರಕೆ ಹೊತ್ತಿದ್ದನಂತೆ. ಒಂಬತ್ತನೆಯ ದಿನ ಸಿಕ್ಕಿತು.

“ಅನಂತ್-ಸಾನ್, ಟ್ರೈನಿಂಗಿಗೆ ಜಪಾನಿಗೆ ಹೋಗ್ತೀರಲ್ಲ. ನನ್ನ ಬದಲು ಹೋಗಿ ಬನ್ನಿ. ನನಗೆ ರಜೆ ಇಲ್ಲ. ಮನೆಯವರಿಗೆ ಸಾವಿನ ಮೈಲಿಗೆ, ಒಳಗೆ ಹೋಗೋ ಹಾಗಿಲ್ಲ.”

ನಮ್ಮ ಹಾಗೆಯೇ! ಆಗಲಿ ಎಂದೆ. ದೇವರು ಗೀವರು ನನಗೆ ಅಷ್ಟಕ್ಕಷ್ಟೆ.

೧೪ ಮೇ, ಜಪಾನ್. ಬೆಳಿಗ್ಗೆ ೧೧

ಹೋಟೆಲಿಗೆ ಹೆಂಡತಿ ಕಾಂತಮ್ಮನ ಟ್ರಂಕ್ ಕಾಲ್, ಕುವೈತಿನ ರಿಗ್ಗೈ ಮನೆಯಿಂದ.

“ನಿಮ್ಮಣ್ಣ ಹೋಗ್ಬಿಟ್ರಂತೆ ರೀ... ಹಾರ್ಟ್ ಅಟ್ಯಾಕು. ನಿನ್ನೇನೇ ಎಲ್ಲಾ ಮುಗಿಸಿದ್ರಂತೆ.”

ರಿಸೀವರ್ ಇನ್ನೊಂದು ಕಿವಿಗೆ ಬದಲಿಸಿದೆ.

“ಕೇಳಿಸ್ತಾ? ಹತ್ತು ದಿನ ಸೂತಕ. ಆ ಗುಡಿಗೆ ಹೋಗ್ಬೇಡಿ.”

ಸ್ನಾನ ಮಾಡಿದೆ. ಅಳು ಬರಲಿಲ್ಲ. ಮಧ್ಯಾಹ್ನ ಕ್ಲಾಸಿಗೆ ಹೋದೆ. ನೋಟ್ಸ್ ಕೂಡ ಬರೆದುಕೊಂಡೆ.

೧೭ ಮೇ, ಭಾನುವಾರ

ಉಳಿದಿರುವ ರಜೆ ಇದೊಂದೇ. ಮಾತು ಕೊಟ್ಟಾಗಿದೆ. ಹೊರಟೆ—ರೈಲು, ಆಮೇಲೆ ಬಸ್ಸು.

ಸಾವಿರ ವರ್ಷದ ಗುಡಿಯಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಆಗತಾನೆ ನಾಟಿಯಾದ ಗದ್ದೆ. ಬೆಸ್ತರಿಗೂ ರೈತರಿಗೂ ಇದೊಂದೇ ದೇವರು. ಮರದ ಕಮಾನು, ಅದಕ್ಕೆ ಕಟ್ಟಿದ ದಪ್ಪ ಹುಲ್ಲುಹಗ್ಗ.

ಕಮಾನಿನ ಮುಂದೆ ಕಾಲು ನಿಂತುಬಿಟ್ಟಿತು. ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಆದರೂ ಆಗಲಿಲ್ಲ. ಅರ್ಧ ಗಂಟೆ ಹಾಗೇ.

ಅಂಗಳ ಗುಡಿಸುತ್ತಿದ್ದ ಮುದುಕ ಅರ್ಚಕರು ಬಂದರು. ಮೊರಿತಾ ಬರೆದುಕೊಟ್ಟ ಚೀಟಿ ಕೊಟ್ಟೆ. ಓದಿ, ಒಳಗೆ ಬಾ ಎಂದು ಕೈ ಮಾಡಿದರು.

“ಮೈ ಬ್ರದರ್ ಆಲ್ಸೋ,” ಎಂದೆ. “ಫೋರ್ ಡೇಸ್.”

ಪೊರಕೆ ಒರಗಿಸಿಟ್ಟರು. ಕಮಾನು ದಾಟಿ ಹೊರಗೆ ನನ್ನ ಪಕ್ಕಕ್ಕೆ ಬಂದು ನಿಂತರು. ಅಲ್ಲಿಂದಲೇ ಬಾಗಿದರು. ನಾನೂ ಬಾಗಿದೆ. ಎರಡು ಸಲ. ಎರಡನೆಯದು ಯಾರಿಗೆಂದು ಅವರು ಕೇಳಲಿಲ್ಲ.

೩೦ ಮೇ, ಕುವೈತ್

ಕ್ಯಾಂಟೀನಿನಲ್ಲಿ ಮೊರಿತಾಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಳಗೆ ಹೋಗಲಿಲ್ಲ, ಕ್ಷಮಿಸು ಎಂದೆ. ಅವನು ಚಹಾದ ಲೋಟ ಪಕ್ಕಕ್ಕೆ ಸರಿಸಿದ. ಬೇಜಾರಾಯಿತೇನೋ...

“ಅಣ್ಣನ ಹೆಸರೇನು?” ಎಂದ.

ಇಷ್ಟು ದಿನದಲ್ಲಿ ಇಲ್ಲಿ ಯಾರೂ ಕೇಳಿರಲಿಲ್ಲ. ಶ್ಯಾಮಸುಂದರ್, ಎಂದೆ.

“ಹೇಗಿದ್ರು?”

ಉದ್ದಕ್ಕೆ. ನನಗಿಂತ ಕಪ್ಪು. ಸೈಕಲ್ ಕಲಿಸಿದವನು ಅವನೇ. ನಾನು ಬಿದ್ದು ಹಲ್ಲು ಮುರಿದುಕೊಂಡದ್ದಕ್ಕೆ ಅಪ್ಪನ ಕೈಲಿ ಏಟು ತಿಂದವನೂ ಅವನೇ. ಹೇಳುತ್ತ ಹೋದೆ. ಕಣ್ಣು ಒರೆಸಿಕೊಂಡೆ. ಮೊರಿತಾ ಎದ್ದು ಹೋಗಲಿಲ್ಲ. ಆಮೇಲೆ ಒಂದು ಸಲ ಅಣ್ಣ ನನ್ನನ್ನು— ಎಂದು ಮತ್ತೆ ಶುರುಮಾಡಿದೆ.